ಆಯಿಯ ಮೊಣಕಾಲಿಗೆ ಬಿಸಿಗಾಳಿ

ಆ ದಿನಗಳ ಚಳಿಯೇ ಬೇರೆ ಎಂದು ಯಾರಾದರೂ ಶುರುಮಾಡಿದರೆ ನಾನು ಪುರಾವೆ ಕೇಳುವವಳು. ಕುಷ್ಟಗಿಯಲ್ಲಿ ಎಂಥ ಚಳಿ? ಆದರೂ ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ನಸುಕಿನಲ್ಲಿ ಬಿಳಿಜೋಳದ ಹೊಲಗಳ ಮೇಲೆ ಮಂಜು ಕೂತಿರುತ್ತಿತ್ತು. ಒಲೆಯ ಮುಂದಿನ ಜಾಗಕ್ಕೆ ಜಗಳವಾಗುತ್ತಿತ್ತು. ಹುರಿದ ಶೇಂಗಾ, ಎಳ್ಳಿನ ವಾಸನೆ ಓಣಿಯ ತುದಿಯವರೆಗೂ ಹೋಗುತ್ತಿತ್ತು. ಇಷ್ಟನ್ನು ಪುರಾವೆಯಿಲ್ಲದೆ ಒಪ್ಪುತ್ತೇನೆ.

ನಾನಾಗ ಐದನೆಯ ತರಗತಿ. ಕಾಕಾನ ಹತ್ತಿರ ಹಳೆಯ ಪಿಕಪ್ ಗಾಡಿಯೊಂದಿತ್ತು. ಎಲ್ಲೋ ಉತ್ತರದ ಗುಡ್ಡಗಾಡಿನಲ್ಲಿ ಓಡಿ, ಕೈಯಿಂದ ಕೈಗೆ ದಾಟಿ ನಮ್ಮಲ್ಲಿಗೆ ಬಂದದ್ದು. ಹಾಗಾಗಿ ಅದರಲ್ಲಿ ಹೀಟರ್ ಇತ್ತು. ಓಣಿಯವರು ನಗುತ್ತಿದ್ದರು: “ನಮ್ಮೂರಾಗ ಹೀಟರ್ ಯಾಕೋ ಮಾರಾಯ, ಮ್ಯಾಲ ಸೂರ್ಯಾ ಇಲ್ಲೇನು?”

ಆಯಿ ಮಾತ್ರ ನಗಲಿಲ್ಲ. ಅಪ್ಪನ ತಾಯಿಯಾದ ಅವಳಿಗೆ ದಮ್ಮು. ತಣ್ಣನೆ ಗಾಳಿ ತಾಕಿದರೆ ಉಸಿರು ಕಟ್ಟುತ್ತಿತ್ತು. ಆದರೆ ಎಳ್ಳಮಾವಾಸ್ಯೆಗೆ ತವರೂರು ನವಲಿಗೆ ಹೋಗಿ, ತಂಗಿಯ ಜೊತೆ ಹೊಲದಲ್ಲಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣ್ಣಿಸಿ ಬರದಿದ್ದರೆ ಅವಳಿಗೆ ವರ್ಷವೇ ಕಳೆಯುತ್ತಿರಲಿಲ್ಲ. ಕಾಕಾ ನಸುಕಿನಲ್ಲಿ ದಾಳಿಂಬೆ ಹೇರಿಕೊಂಡು ಗಂಗಾವತಿಗೆ ಹೊರಟಾಗಲೇ ಅವಳನ್ನು ದಾರಿಯಲ್ಲಿ ಇಳಿಸಬೇಕು. ಹಿಂದಿನ ವರ್ಷ ತಾವರಗೇರಾ ಮುಟ್ಟುವ ಮೊದಲೇ ಎದೆ ಹಿಡಿದು, ಗಾಡಿ ಹೊಳ್ಳಿ ಬಂದಿತ್ತು. ಈ ಸಲ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ: “ಹೀಟರ್ ಬಿಸಿ ಆದ್ರ ಹೋಗಬೇ, ಇಲ್ಲಾಂದ್ರ ಮನ್ಯಾಗ ಇರು.”

ಹೀಟರ್ ಬಿಡುತ್ತಿದ್ದುದು ಆರಿದ ಚಹಾದಂಥ ಗಾಳಿ. ಕಾಕಾ ಗ್ಯಾರೇಜಿನ ಮೌಲಾಸಾಬನ ಹತ್ತಿರ ಒಯ್ದ. ಬಾಲದಂತೆ ನಾನೂ ಹೋದೆ. ಮೌಲಾಸಾಬ ಹೀಟರಿನ ಕೊಳವೆಗೆ ನೀರು ನುಗ್ಗಿಸಿ ತುಕ್ಕಿನ ಕೆಸರು ತೆಗೆದ. ಗಾಳಿ ಅಷ್ಟೇ ಉಗುರುಬೆಚ್ಚಗೆ.

“ಕಾಕಾ, ಈ ಮುಳ್ಳು ಯಾಕ ಯಾವಾಗ್ಲೂ ಮಲಗಿರ್ತೈತಿ?” ಎಂಜಿನ್ ಶಾಖ ತೋರಿಸುವ ಮುಳ್ಳಿನತ್ತ ಬೆರಳು ಮಾಡಿದೆ.

“ಅದ ನೋಡು ನಮ್ಮ ಗಾಡಿ ಗಮ್ಮತ್ತು! ಎಂಜಿನ್ ಕಾಯೋದ ಇಲ್ಲ.”

“ಹೀಟರಿಗೆ ಬಿಸಿ ಎಲ್ಲಿಂದ ಬರ್ತೈತಿ?”

“ಎಂಜಿನ್ ನೀರಿಂದ.”

“ಎಂಜಿನ್ನ ಕಾಯಂಗಿಲ್ಲಂದ್ರ?”

ಕಾಕಾ ಮುಳ್ಳಿನ ಗಾಜನ್ನು ಬೆರಳಿನಿಂದ ತಟ್ಟಿ ನೋಡಿದ. ಮೌಲಾಸಾಬ ಬಿದ್ದುಬಿದ್ದು ನಕ್ಕ. “ಈ ಹುಡುಗಿನ್ನ ವಕೀಲಕಿ ಮಾಡ್ರಿ!” ಎಂದ. ನಗು ನಿಲ್ಲಿಸಿ ತಲೆ ಕೆರೆದುಕೊಂಡ. “ವಾಲ್ ಇಲ್ಲಲ್ರಿ ಇದಕ್ಕ. ನಾನ ಕಿತ್ತೀನಿ.”

ನಮ್ಮ ಕಡೆಯ ರಿವಾಜು ಅದು. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಚಿಕ್ಕ ವಾಲ್ ಒಂದಿರುತ್ತದೆ. ಯಾವ ಗಾಡಿ ಬರಲಿ, ಬೇಸಿಗೆಗೆ ಮೊದಲು ಅದನ್ನು ಕಿತ್ತು ಬಿಸಾಕುವುದು. ಬಿಸಿಲನಾಡಿನ ಗಾಡಿ ತಂಪಾಗಿರಲಿ ಎಂದು. ಹೌದೋ ಅಲ್ಲವೋ ಯಾರೂ ಕೇಳಿದವರಿಲ್ಲ.

“ವಾಪಸ್ ಹಾಕಿದ್ರ ಕುದ್ದ ಸಾಯ್ತೈತಿ ಗಾಡಿ,” ಎಂದ ಕಾಕಾ.

“ಮಾಡಿದವ್ರು ಕುದಿಸಾಕ ಮಾಡ್ಯಾರೇನು? ಅಲ್ದ ಇದು ಬ್ಯಾಸಗಿ ಅಲ್ಲಲ್ಲ?” ಎಂದೆ.

ಮೌಲಾಸಾಬ ಕಿತ್ತ ವಾಲ್‌ಗಳನ್ನೆಲ್ಲ ತುಂಬಿಟ್ಟ ಡಬ್ಬಿ ಬೋರಲು ಹಾಕಿ, ಅಳತೆಗೆ ಕೂಡುವಂಥದ್ದನ್ನು ಆರಿಸಿಕೊಟ್ಟ. ಅದು ಕೆಟ್ಟು, ಮುಚ್ಚಿಕೊಂಡೇ ಉಳಿದರೆ ಗತಿಯೇನೆಂದು ಕಾಕಾನಿಗೆ ಅಂಜಿಕೆ. “ಕುದಿಯೋ ನೀರಾಗ ಹಾಕಿ ನೋಡ್ರಿ. ಬಾಯಿ ತೆರೆದ್ರ ಜೀವಂತ ಐತಿ,” ಎಂದ ಮೌಲಾಸಾಬ.

ವಾಲ್ ಮನೆಗೆ ತಂದಾಗ ಆಯಿ ತಾನೇ ಒಲೆ ಹೊತ್ತಿಸಿ ಬೋಗುಣಿ ಇಟ್ಟಳು. ಅವಳು, ಕಾಕಾ, ನಾನು ಮೂವರೂ ಕುಕ್ಕರಗಾಲಲ್ಲಿ ಕೂತೆವು. ನೀರಿನ ತಳದಲ್ಲಿ ಗುಳ್ಳೆ ಎದ್ದವು, ಹಬೆ ಮುಖಕ್ಕೆ ಹತ್ತಿತು. ವಾಲ್ ಮಿಸುಕಲಿಲ್ಲ. ಆಯಿಯ ಉಸಿರಿನ ಸುಂಯ್ ಸದ್ದು ನನಗೆ ಕೇಳುತ್ತಿತ್ತು. ಆಮೇಲೆ, ಗುಬ್ಬಿಮರಿ ಕೊಕ್ಕು ಬಿಟ್ಟಂತೆ, ಅದು ಮೆಲ್ಲಗೆ ತೆರೆಯಿತು.

“ಅಯ್ಯ, ಕಣ್ಣ ಬಿಡ್ತಲ್ಲೇ ನನ್ನವ್ವಾ!” ಎಂದಳು ಆಯಿ.

ಮೌಲಾಸಾಬ ವಾಲ್ ಕೂಡಿಸಿಕೊಟ್ಟ ಮೇಲೆ, ಎಳ್ಳಮಾವಾಸ್ಯೆಯ ನಸುಕಿಗೆ ಹೊರಟೆವು. ಹಿಂದೆ ದಾಳಿಂಬೆ, ಆಯಿಯ ತೊಡೆಯ ಮೇಲೆ ಸಜ್ಜೆರೊಟ್ಟಿ, ಶೇಂಗಾ ಹೋಳಿಗೆಯ ಗಂಟು. ಮುಳ್ಳು ನಿದ್ದೆಯಿಂದ ಎದ್ದಂತೆ ಮೇಲೇರತೊಡಗಿತು. “ಕುದೀತು, ಕುದೀತು!” ಎಂದು ಕಾಕಾ ಗಾಡಿ ನಿಲ್ಲಿಸಹೋದ. “ನಡುವ ನಿಂತೈತಿ, ನಡಿ,” ಎಂದೆ. ಸುಟ್ಟ ಧೂಳಿನ ವಾಸನೆ ಬಂತು, ಹಿಂದೆಯೇ ಬಿಸಿಗಾಳಿ. ಹೊರಗೆ ಮಂಜಿನಲ್ಲಿ ಹೊಲ, ಮರ, ಎತ್ತು ಎಲ್ಲ ತೇಲುತ್ತಿದ್ದವು. ನಮ್ಮ ಗಾಡಿಯೂ ನೆಲ ಬಿಟ್ಟಿದೆ ಅನ್ನಿಸಿತು. ತಾವರಗೇರಾ ದಾಟಿತು. ಆಯಿಯ ಎದೆ ಸದ್ದು ಮಾಡಲಿಲ್ಲ.

ಗಾಳಿ ಬರುತ್ತಿದ್ದ ಕಿಂಡಿ ಒಂದೇ. ಆಯಿ ಅದನ್ನು ನನ್ನ ಕಡೆ ತಿರುಗಿಸಿದಳು. ನಾನು ಅವಳ ಮೊಣಕಾಲಿನ ಕಡೆ ತಿರುಗಿಸಿದೆ.

“ದಮ್ಮು ನಿನಗೈತಿ, ನನಗಲ್ಲ.”

“ನಿನ್ನ ಕಾಲು ಹಿಮ ಆಗ್ಯಾವ, ಸುಮ್ನಿರ ಖೋಡಿ.”

ಕನಕಗಿರಿಯವರೆಗೂ ಇದೇ ವಾದ. ಆಮೇಲೆ ಎಲ್ಲೋ ನಿದ್ದೆ ಹೋದೆ. ಎಚ್ಚರಾದಾಗ ನವಲಿಯ ಹೊಲದ ಬದು. ಆಯಿ ಮತ್ತು ಅವಳ ತಂಗಿ ಬೆಳೆಯ ನಡುವೆ, ಸೆರಗು ಗಾಳಿಗೆ ಬಿಟ್ಟು, ಕೈ ಬೀಸಿ ಬೀಸಿ ಚರಗ ಚೆಲ್ಲುತ್ತಿದ್ದರು. ನನ್ನ ಎರಡೂ ಕಾಲು ಬೆಚ್ಚಗಿದ್ದವು.

ಈಗ ಆಯಿ ಇಲ್ಲ, ಗಾಡಿಯೂ ಮಾರಿಹೋಯಿತು. ಇಂದಿನ ಕಾರುಗಳಲ್ಲಿ ತಲೆಗೊಂದು ಕಿಂಡಿ, ಬೇಕಾದಷ್ಟು ಬಿಸಿ, ಬೇಕಾದಷ್ಟು ತಂಪು. ಸುಖವೇ, ಇಲ್ಲವೆನ್ನಲಾರೆ. ಆದರೆ ನಾವೆಲ್ಲ ನಮ್ಮ ನಮ್ಮ ಗಾಳಿ ತಿರುಗಿಸಿಕೊಂಡು ಸುಮ್ಮನೆ ಕೂತಿರುತ್ತೇವೆ. ವಾದಿಸುವುದಕ್ಕೆ ಏನೂ ಇಲ್ಲ.