ಹೂಕೋಸಿನ ಬಿಸಿಬೇಳೆ ಭಾತು

ಆ ಚಳಿಗಾಲದ ನೆನಪೆಲ್ಲ ನನಗೆ ಬಣ್ಣಗಳಲ್ಲೇ ಬರುತ್ತದೆ. ನಾಗಪುರದ ರೈಲ್ವೆ ಕ್ವಾರ್ಟರ್ಸಿನ ಅಡುಗೆಮನೆ, ಕಿಟಕಿಯಾಚೆ ಬೆಳ್ಳಗಿನ ಮಂಜು, ಒಳಗೆ ಸ್ಪಿರಿಟ್ ದೀಪದ ಮೇಲೆ ನಾನು ಇಕ್ಕಳದಲ್ಲಿ ಹಿಡಿದ ಗಾಜಿನ ನಳಿಕೆ. ಅದರಲ್ಲಿ ನೀಲಿ ಔಷಧಿ, ಅದಕ್ಕೆ ಅಪ್ಪನ ಮೂತ್ರದ ಕೆಲವು ಹನಿ. ಕುದಿಯುತ್ತ ಕುದಿಯುತ್ತ ಆ ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಕೆಂಪಾಗುತ್ತಿತ್ತು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಕೆಂಪಾದರೆ ವಿಪರೀತ. ನಾನು ಬಿ.ಎಸ್ಸಿ. ಓದುತ್ತಿದ್ದೆನಲ್ಲ, ಈ ಕೆಲಸ ನನ್ನ ಪಾಲಿಗೆ ಬಂತು. ಅಸಹ್ಯವಾಗಬೇಕಿತ್ತು, ಆದರೆ ನಿಜ ಹೇಳಬೇಕೆಂದರೆ, ನನಗದು ಬಲು ಚಂದ ಕಾಣುತ್ತಿತ್ತು.

"ಏನು ಬಣ್ಣನೇ?" ಎಂದು ಅಪ್ಪ ಹೊರಗಿನ ಕೋಣೆಯಿಂದ ಕೇಳುತ್ತಿದ್ದರು. ಅವರಿಗೆ ಕಾಣುತ್ತಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ರೈಲ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಮನುಷ್ಯ, ತಾನೇ ಎಳೆದ ಗೆರೆ ಕಾಣದೆ ರಜೆ ಹಾಕಿ ಕೂತಿದ್ದರು. ಹಗಲೆಲ್ಲ ಬಿಸಿಲಿಗೆ ಮುಖ ಕೊಟ್ಟು, ಕಿತ್ತಳೆ ಸಿಪ್ಪೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡಿರುತ್ತಿದ್ದರು. ಹಣ್ಣು ತಿನ್ನುವ ಹಾಗಿರಲಿಲ್ಲ. ಸದರ್ ಪೇಟೆಯ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: ಸಕ್ಕರೆ ಇಳಿಯುವ ತನಕ ಕಣ್ಣಿನ ಆಪರೇಶನ್ ಇಲ್ಲ. "ಚಾವಲ್ ಬಂದ್. ಆಲೂ ಬಂದ್. ಮೀಠಾ ಬಂದ್." ಅನ್ನ, ಆಲೂಗಡ್ಡೆ, ಸಿಹಿ ಮೂರೂ ನಿಲ್ಲಬೇಕು ಎಂದು.

ಉಳಿದ ದಿನ ಅಪ್ಪ ತೆಪ್ಪಗೆ ಕೊಟ್ಟದ್ದನ್ನು ತಿಂದರು. ಭಾನುವಾರ ಬಂದರೆ ಮಾತ್ರ ಅವರ ಮುಖ ನೋಡಲಾಗುತ್ತಿರಲಿಲ್ಲ. ಮೈಸೂರು ಕಡೆ ಬಿಟ್ಟು ಎಷ್ಟು ಊರು ತಿರುಗಿದ್ದರೂ ನಮ್ಮ ಮನೆಯ ಭಾನುವಾರವೆಂದರೆ ಬಿಸಿಬೇಳೆ ಭಾತು. ಅಮ್ಮನಿಗೆ ಉಪಾಯ ಹೊಳೆಯಿತು. ಅನ್ನದ ಬದಲು ಗಟ್ಟಿ ಅವಲಕ್ಕಿ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದು ಬಿಸಿಬೇಳೆ ಮಾಡಿದಳು. ಅಯ್ಯೋ, ಅದರ ರುಚಿ! ಅಪ್ಪ ಬೆರಳು ಚೀಪಿದರು. ಮರುದಿನ ಬೆಳಿಗ್ಗೆ ನನ್ನ ಕೈಯಲ್ಲಿದ್ದ ನಳಿಕೆ ಹಸಿರು, ಹಳದಿ ಯಾವುದಕ್ಕೂ ನಿಲ್ಲದೆ ನೇರ ಕೆಂಪಿಗೆ ಹೋಯಿತು. ಮುಂದಿನ ವಾರವೂ ಅದೇ ಕಥೆ.

ಡಾಕ್ಟರ ಮುಂದೆ ಅಮ್ಮ ಸೆರಗು ಬಿಗಿದು ಜಗಳಕ್ಕೇ ನಿಂತಳು. ತನ್ನ ಹರಕುಮುರಕು ಹಿಂದಿಯಲ್ಲಿ, ಇವರು ಒಂದು ಅಗುಳು ಅನ್ನ ಮುಟ್ಟಿಲ್ಲ, ನಿಮ್ಮ ಔಷಧಿಯೇ ಸರಿಯಿಲ್ಲ ಎಂದಳು. ಮತ್ತೆ ಏನು ಕೊಟ್ಟಿರಿ ಎಂದು ಅವರು ಕೇಳಿದಾಗ, ಪೋಹಾ ಎಂದಳು ಹೆಮ್ಮೆಯಿಂದ.

ಡಾಕ್ಟರು ನಗಲಿಲ್ಲ. "ಭಾಭೀಜೀ, ಪೋಹಾ ಕಿಸ್ ಚೀಜ್ ಸೇ ಬನ್ತಾ ಹೈ?" ಅಂದರು. ಅವಲಕ್ಕಿ ಯಾವುದರಿಂದ ಮಾಡುತ್ತಾರೆ ಎಂದು.

ಅಮ್ಮನನ್ನು ಏನಂತ ಬೈಯುವುದು? ನಮ್ಮಲ್ಲಿ ಶನಿವಾರ ರಾತ್ರಿ ಒಪ್ಪತ್ತು. ಅನ್ನ ಮುಟ್ಟುವ ಹಾಗಿಲ್ಲ. ಆದರೆ ಅವಲಕ್ಕಿ ಒಗ್ಗರಣೆ, ಉಪ್ಪಿಟ್ಟು ಹೊಟ್ಟೆ ಬಿರಿಯ ತಿಂದರೂ ಉಪವಾಸ ಕೆಡುವುದಿಲ್ಲ. ದೇವರೇ ಅನ್ನವಲ್ಲ ಎಂದು ಒಪ್ಪಿದ್ದನ್ನು ಸಕ್ಕರೆ ಕಾಯಿಲೆ ಒಪ್ಪುವುದಿಲ್ಲವೆಂದು ಅವಳಿಗೆ ಹೇಗೆ ತಿಳಿಯಬೇಕು? ಮನೆ ಮುಂದೆ ರಿಕ್ಷಾದಿಂದ ಇಳಿಯುವಾಗ ಮೆಲ್ಲಗೆ, "ಅವರ ಕಣ್ಣು ನಾನೇ ಹಾಳು ಮಾಡ್ತಿದ್ದೆನಲ್ಲೇ," ಎಂದಳು.

ಒಂದು ಮಧ್ಯಾಹ್ನ ನಾವು ಮಾವ್‌ಶಿ ಎನ್ನುತ್ತಿದ್ದ ಪಕ್ಕದ ಮನೆಯ ಮರಾಠಿಯವರು ಪರಾಠದೊಳಗೆ ತುಂಬಲು ಅಂಗಳದಲ್ಲಿ ಹೂಕೋಸು ತುರಿಯುತ್ತ ಕೂತಿದ್ದರು. ತಗಡಿನ ತುರಿಮಣೆ, ಅಲ್ಲಿಯವರು ಕಿಸಣಿ ಎನ್ನುತ್ತಾರೆ. ತಟ್ಟೆಯಲ್ಲಿ ಬಿಸಿಲಿಗೆ ಆ ತುರಿ ಬೆಳ್ಳಗೆ, ಬಿಡಿಬಿಡಿಯಾಗಿ ಬಿದ್ದಿತ್ತು. ಅಮ್ಮ ಗೋಡೆಗೆ ಒರಗಿ ಅದನ್ನೇ ನೋಡುತ್ತ, ನಿದ್ದೆಗಣ್ಣಿನವಳಂತೆ ಬಹಳ ಹೊತ್ತು ನಿಂತಳು.

"ಕಾಯ್ ಝಾಲಂ ವಹಿನಿ?" ಏನಾಯ್ತು ಅತ್ತಿಗೆ ಎಂದು ಮಾವ್‌ಶಿ ಗಾಬರಿಯಾದರು.

"ಏನಿಲ್ಲ. ನಿಮ್ಮ ಕಿಸಣಿ ಕೊಡಿ, ಜಲ್ದಿ," ಎಂದಳು ಅಮ್ಮ, ಕನ್ನಡದಲ್ಲೇ.

ಅನ್ನದ ಬದಲು ಆ ತುರಿ ಹಾಕಿದ ಮೊದಲ ಸಲದ ಭಾತು ಗಂಜಿಯಾಯಿತು. ಅಪ್ಪನಿಗೆ ತೋರಿಸದೆ ನಾವಿಬ್ಬರೇ ಮೂಗು ಮುಚ್ಚಿ ಮುಗಿಸಿದೆವು. ಆಮೇಲೆ ಅಮ್ಮ ದಾರಿ ಕಂಡುಕೊಂಡಳು. ತುರಿಗೆ ಉಪ್ಪು ಸವರಿ, ಪಂಚೆ ಬಟ್ಟೆಯಲ್ಲಿ ಕಟ್ಟಿ ನೀರೆಲ್ಲ ಹಿಂಡಿ, ತುಪ್ಪದಲ್ಲಿ ಬಾಡಿಸುವುದು. ಬೇಳೆ ಹೆಸರಿಗಷ್ಟೆ. ಹುರುಳಿಕಾಯಿ, ನವಿಲುಕೋಸು ಧಾರಾಳ. ಹುಣಸೆರಸ, ಮನೆಯ ಪುಡಿ. ಕೊನೆಗೆ ಸಿಗಡಿ ಎನ್ನುವ ಇದ್ದಲೊಲೆಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬಿಡುವುದು. ಆ ಎರಡು ಬೆಂಕಿಯ ನಡುವೆ ಉಳಿದ ನೀರಾರಿ, ತಳದಲ್ಲಿ ಘಮಘಮಿಸುವ ಗರಿಗರಿ ಪದರ ಕಟ್ಟುತ್ತಿತ್ತು.

"ಅವರಿಗೆ ಹೇಳಿದ್ರೆ ನೋಡು. ಅನ್ನ ಇಲ್ದ ಭಾತು ಅಂದ್ರೆ ತಟ್ಟೆ ತಳ್ತಾರೆ," ಎಂದು ನನಗೆ ತಾಕೀತು ಮಾಡಿದಳು. ಅಪ್ಪನ ಹತ್ತಿರ, "ಭಾನುವಾರ ಒಂದು ಹಿಡಿ ಅನ್ನ ನಡೆಯುತ್ತಂತೆ ಕಣ್ರೀ," ಎಂದು ಹೇಳಿದಳು. ಹೂಕೋಸಿನ ವಾಸನೆ ಇಡೀ ಸಾಲುಮನೆಗೆ ಹಬ್ಬಿತ್ತು, ಇವಳದೊಂದು ಗುಟ್ಟು! ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಅಪ್ಪ ತಡವಿಕೊಂಡು ತುತ್ತು ಕಲಸಿದರು. ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಬರೋಬರ್ ಆಗಿದೆ," ಎಂದರು. ಅಷ್ಟೆ.

ಪ್ರತಿ ಭಾನುವಾರ ಅಮ್ಮ ತುರಿದಳು. ದಂಟು ಗಟ್ಟಿ, ಕಿಸಣಿ ಹರಿತ. ಬೆರಳ ಗಂಟುಗಳು ತರಚಿದರೆ ಅರಿಸಿನ ಒತ್ತಿಕೊಂಡು ಮತ್ತೆ ಕೂರುತ್ತಿದ್ದಳು. ನಾನು ಮಾಡ್ತೀನಿ ಕೊಡು ಎಂದರೆ, "ನೀನು ನಿನ್ನ ನಳಿಕೆ ನೋಡ್ಕೋ ಹೋಗು," ಎಂದು ಗದರುತ್ತಿದ್ದಳು. ನಳಿಕೆ ಮೆಲ್ಲಮೆಲ್ಲಗೆ ಕೆಂಪು ಬಿಟ್ಟಿತು, ಹಳದಿ ಬಿಟ್ಟಿತು. ಮಂಜು ಕಿಟಕಿಗೆ ಅಂಟಿಕೊಂಡಿದ್ದ ಒಂದು ಸೋಮವಾರ, ಎಷ್ಟು ಕುದಿಸಿದರೂ ಅದು ನೀಲಿಯಾಗಿಯೇ ನಿಂತಿತು. ದೀಪ ಆರಿಸಿದ ಮೇಲೂ ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದೆ.

"ಏನು ಬಣ್ಣನೇ?"

"ನೀಲಿ ಅಪ್ಪ! ನೀಲಿ!" ಎಂದು ಕೂಗಿದೆ. ಅಮ್ಮ ಒಲೆಯ ಮುಂದೆ ಕೂತು ಗಳಗಳ ಅತ್ತುಬಿಟ್ಟಳು.

ಆಪರೇಶನ್ ಆಯಿತು. ಪಟ್ಟಿ, ಕರಿ ಕನ್ನಡಕ ಎಲ್ಲ ಮುಗಿದು, ಬಿಸಿಲು ಏರತೊಡಗಿದ ದಿನಗಳಲ್ಲಿ ಅಪ್ಪನಿಗೆ ಸೀಸೆಯ ತಳದಷ್ಟು ದಪ್ಪದ ಕನ್ನಡಕ ಬಂತು. ಅದರಲ್ಲಿ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದಂತೆ. ಬಾಗಿಲು ಕಂಡು ನಕ್ಕರು, ನನ್ನ ಮೂಗು ಕಂಡು ಇನ್ನೂ ಜೋರಾಗಿ ನಕ್ಕರು.

ಆ ಭಾನುವಾರ ಸಂತೆಯ ಕೊನೆಯ ಹೂಕೋಸು. ಅಮ್ಮ ತಟ್ಟೆ ಇಟ್ಟು, ಉಸಿರು ಬಿಗಿಹಿಡಿದು ನಿಂತಳು. ಅಪ್ಪ ತಟ್ಟೆ ನೋಡಿದರು. ಆಮೇಲೆ ತಟ್ಟೆ ಇಟ್ಟ ಕೈ ನೋಡಿದರು. ಆ ಕೈಯನ್ನು ಹಿಡಿದುಕೊಂಡು ಕನ್ನಡಕದ ಹತ್ತಿರ ತಂದರು. ಒಂದೊಂದು ಬೆರಳ ಗಂಟಿನ ಮೇಲೂ ಹಳೆಯ ಕಲೆ, ಹೊಸ ತರಚುಗಾಯ, ಅರಿಸಿನ.

"ಅನ್ನ ಅಲ್ಲ ಅಂತ ಮೊದಲನೇ ತುತ್ತಿಗೇ ಗೊತ್ತಿತ್ತು ಕಣೇ," ಎಂದರು. "ಇದು ಗೊತ್ತಿರ್ಲಿಲ್ಲ."

"ಬಿಡ್ರೀ, ಮಗಳು ನೋಡ್ತಿದಾಳೆ," ಎಂದು ಅಮ್ಮ ಕೈ ಎಳೆದುಕೊಳ್ಳಲು ನೋಡಿದಳು.

"ನೋಡ್ಲಿ ಬಿಡು," ಎಂದರು ಅಪ್ಪ. "ನಾನಿನ್ನೂ ನೋಡಿ ಮುಗಿಸಿಲ್ಲ."