ನೀರಿನಲ್ಲಿ ಅಂಟಾಗುವ ಮಾತ್ರೆ

ಇದನ್ನು ಬರೆಯಲು ಕುಳಿತು, ನೀರು ಕುಡಿಯುವ ನೆಪದಲ್ಲಿ ಎದ್ದು ಹೋದದ್ದು ಎಷ್ಟು ಸಲವೋ. ಮೂರು ವರ್ಷ ಮುಂದೂಡಿದೆ. ಈಗ ಎಪ್ಪತ್ತು ದಾಟಿದೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋಗುತ್ತೇನೆ.

ಕುಂದಾಪುರದ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಬಹಳ ವರ್ಷ ಮಾತ್ರೆ ತೆಗೆದುಕೊಟ್ಟವನು. ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಕೌಂಟರಿನ ಹಿಂದೆ ನಿಂತರೆ ಜನ ನನ್ನನ್ನು ಅರ್ಧ ಡಾಕ್ಟರ್ ಎಂದೇ ತಿಳಿಯುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಒಂದು ದಿನ ಔಷಧ ಕಂಪನಿಯ ಪ್ರತಿನಿಧಿ ಹೊಸ ಬಗೆಯ ನೆಗಡಿ ಮಾತ್ರೆ ತಂದರು. ನೆಗಡಿ ಮಾತ್ರೆಯನ್ನು ಪುಡಿ ಮಾಡಿ, ಅದರೊಳಗಿನ ಮದ್ದನ್ನು ಬೇರೆ ಮಾಡಿ, ಅಮಲಿನ ಪದಾರ್ಥ ತಯಾರಿಸುವವರಿದ್ದಾರಂತೆ. ಅದನ್ನು ತಡೆಯಲು ಈ ಮಾತ್ರೆಗೆ ಏನನ್ನೋ ಬೆರೆಸಿದ್ದಾರೆ. ಪುಡಿ ಮಾಡಿ ನೀರಿಗೆ ಹಾಕಿದರೆ ಎಲ್ಲ ಅಂಟಾಗಿ ಮುದ್ದೆ ಕಟ್ಟುತ್ತದೆ, ಮದ್ದು ಬಿಡಿಸಿಕೊಳ್ಳುವುದಿಲ್ಲ. "ನುಂಗುವವರಿಗೆ ಇದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಕಳ್ಳರಿಗೆ ಮಾತ್ರ" ಎಂದು ಅವರು ನಕ್ಕರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ತ್ರಾಸಿಯಲ್ಲಿ ಹೆದ್ದಾರಿ ಬದಿ ಮೀನು ಮಾರುವ ಹೆಂಗಸೊಬ್ಬರು ಡಾಕ್ಟರ ಚೀಟಿ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದರು. ಗಂಡನಿಗೆ ಮದ್ದು ಎನ್ನುತ್ತಿದ್ದರು. ಏನು ಕಾಯಿಲೆ ಎಂದು ನಾನು ಕೇಳಿದವನಲ್ಲ. ನೆಗಡಿಗೆಂದು ಈ ಹೊಸ ಮಾತ್ರೆ ಒಯ್ದ ಮಾರನೆಯ ದಿನವೇ, ಅಂಗಡಿ ತುಂಬ ಜನರಿರುವಾಗ ಬಂದರು.

"ಹ್ವಾಯ್, ಎಂತ ಮಾತ್ರಿ ಕೊಟ್ದ್ ಮಾರಾಯ್ರೆ? ಪುಡಿ ಮಾಡಿ ನೀರಿಗ್ ಹಾಕಿರೆ ಗೋಂದ್ ಆತ್ತ್. ಹರ್ದ್ ಚಪ್ಲಿ ಅಂಟ್ಸೂಕ್ ಅಡ್ಡಿಲ್ಲ!"

ನನಗೆ ಪ್ರತಿನಿಧಿಯ ಮಾತು ನೆನಪಾಯಿತು. ಕಳ್ಳತನ ಸಿಕ್ಕಿಬಿತ್ತು ಎಂದೇ ಅನ್ನಿಸಿತು.

"ಪುಡಿ ಮಾಡೂಕೆ ಯಾರ್ ಹೇಳ್ದ್ ನಿಮ್ಗೆ?"

"ಇಡೀ ಮಾತ್ರಿ ಹಾಕೂಕ್ ಆತ್ತಿಲ್ಲ, ನಮ್ಮನಿಯರಿಗೆ..."

ಮಾತು ಮುಗಿಸಲು ಬಿಡಲಿಲ್ಲ. "ಈ ಮಾತ್ರಿ ಪುಡಿ ಮಾಡುವರ್ ಯಾರಂದೇಳಿ ನಂಗ್ ಗೊತ್ತಿತ್ತ್. ಅಮಲಿನ್ ಮದ್ದ್ ಮಾಡುವರ್!"

"ಮೀನ್ ಬುಟ್ಟಿ ಅಡಿಯಂಗೆ ಎಂತೆಂತ ಇತ್ತೋ!" ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು. ಆಕೆ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೆಟ್ಟಿಲಿಳಿದು ಹೋದರು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಮೆಡಿಕಲ್ ಅಂಗಡಿಯವರ ವಾಟ್ಸಾಪ್ ಗುಂಪೊಂದಿತ್ತು. ಆಕೆಯ ಗುರುತು ಬರೆದು, ಈ ಹೆಂಗಸಿಗೆ ಮಾತ್ರೆ ಕೊಡಬೇಡಿ ಎಂದು ಅದರಲ್ಲಿ ಹಾಕಿದೆ. ಒಬ್ಬೊಬ್ಬರೇ ಹೆಬ್ಬೆರಳು ತೋರಿಸಿದಂತೆಲ್ಲ ನನ್ನ ಎದೆ ಉಬ್ಬಿತು.

ಎರಡು ವಾರ ಕಳೆದಿರಬೇಕು. ಬೈಂದೂರಿನ ಗಿರಾಕಿಯೊಬ್ಬರ ಮದ್ದಿನ ಪೊಟ್ಟಣವನ್ನು ಎಂದಿನಂತೆ ಬಸ್ಸಿನ ಕಂಡಕ್ಟರರ ಕೈಗೆ ಕೊಡಲು ಹೋದೆ. ಅವರು ಪೊಟ್ಟಣ ತೆಗೆದುಕೊಳ್ಳದೆ ನನ್ನನ್ನೇ ನೋಡಿದರು.

"ತ್ರಾಸಿ ಮೀನಿನ್ ಹೆಂಗ್ಸ್ ಮದ್ದಿಗೆ ಉಡುಪಿ ತನಕ ಹೋತ್ತ್ ಕಾಣಿ. ಇಲ್ಲ್ ಯಾರೂ ಕೊಡುದಿಲ್ಲ ಅಂಬ್ರ್. ಗಂಡಂಗೆ ಗಂಟ್ಲ್ ಆಪರೇಶನ್ ಆಯಿ ಮೂಗಿಗ್ ನಳಿ ಹಾಕಿರ್. ಊಟವೂ ಅದ್ರಂಗೇ, ಮದ್ದೂ ಪುಡಿ ಮಾಡಿ ಅದ್ರಂಗೇ ಬಿಡ್ಕ್. ನಿಮ್ ಮಾತ್ರಿ ಅಂಟಿ ನಳಿ ಕಟ್ಟಿ, ಆ ಮನ್ಷ ಒಂದಿಡೀ ದಿನ ಉಪಾಸ."

ಡಾಕ್ಟರು ಚೀಟಿಯ ಕೆಳಗೆ ನಳಿಯ ವಿಷಯ ಬರೆದೇ ಇದ್ದರಂತೆ. ನಾನು ಮಾತ್ರೆಯ ಹೆಸರಿನ ಆಚೆ ಓದಿರಲಿಲ್ಲ.

ಅಂಗಡಿಯ ಧನಿಗಳಲ್ಲಿ ತಪ್ಪೊಪ್ಪಿಕೊಂಡೆ. ಗುಂಪಿನಲ್ಲೂ ತಪ್ಪಾಯಿತು ಎಂದು ಬರೆದೆ. ಅಂಗಡಿಗಳವರು ಮತ್ತೆ ಮದ್ದು ಕೊಡಲು ತಯಾರಾದರು, ಆಕೆ ಮಾತ್ರ ಯಾವ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ. ಗಂಡ ತೀರಿಕೊಳ್ಳುವ ತನಕ, ಸುಮಾರು ಐದು ತಿಂಗಳು, ಮೀನು ವ್ಯಾಪಾರ ಅರ್ಧಕ್ಕೆ ಬಿಟ್ಟು ಉಡುಪಿ ಬಸ್ಸು ಹತ್ತುತ್ತಿದ್ದರು. ಆ ಬಸ್ಸು ನಮ್ಮ ಅಂಗಡಿಯ ಎದುರೇ ನಿಲ್ಲುತ್ತಿತ್ತು. ಕಿಟಕಿ ಬದಿ ಕೂತ ಅವರನ್ನು ಕಂಡರೆ ನಾನು ಒಳಗೆ ಹೋಗಿ ಡಬ್ಬಿ ಜೋಡಿಸುತ್ತಿದ್ದೆ.

ಕಳೆದ ವರ್ಷ ತ್ರಾಸಿಯಲ್ಲಿ ಎದುರಾದರು. "ಬಂಗ್ಡಿ ಒಳ್ಳೇದಿತ್ತ್, ತಕಣಿ" ಎಂದರು. ಗುರುತು ಹತ್ತಿತೋ ಇಲ್ಲವೋ ತಿಳಿಯಲಿಲ್ಲ. ಹತ್ತದಿರಲಿ ಎಂದೇ ಹಾರೈಸಿದೆ. ಮೀನು ತೆಗೆದುಕೊಂಡು ಬಂದುಬಿಟ್ಟೆ.

ತಪ್ಪನ್ನು ಧನಿಗಳಿಗೆ ಹೇಳಿದೆ, ಅಂಗಡಿಯವರಿಗೆ ಹೇಳಿದೆ, ಈಗ ನಿಮಗೂ ಹೇಳಿದೆ. ಹೇಳದೆ ಉಳಿದದ್ದು ತ್ರಾಸಿಯ ಆ ಮೀನು ಮಾರುವ ಹೆಂಗಸಿಗೆ.