ಮರಿಯ ಅಪ್ಪ ಯಾರು?

ಗೆಳೆಯರೇ, ನಾಯಿಮರಿಗೆ ಕೇಜ್ ತರಲು ಹೋಗಿ ತಲೆ ಕೆಟ್ಟು ಕೂತಿದ್ದೇನೆ. ನಮ್ಮ ಹೊಸ ಮರಿ ಕಾರಿನ ಚಕ್ರಕ್ಕೆ ಒರಗಿಯೇ ಮಲಗುತ್ತದೆ. ಬೆಳಿಗ್ಗೆ ನಾನು ಕಾರು ತೆಗೆಯುವಾಗ ಸ್ವಲ್ಪದರಲ್ಲಿ ಉಳಿಯಿತು. ಹೆದರಿದ ಹೆಂಡತಿ ನನ್ನನ್ನು ಕಡೂರಿನ ಅಂಗಡಿಗೆ ಎಳೆದುಕೊಂಡು ಹೋದಳು.

"ಯಾವ ಜಾತಿ? ಎಷ್ಟು ದೊಡ್ಡದಾಗುತ್ತೆ?" ಎಂದು ಅಂಗಡಿಯವರು ಕೇಳಿದರು.

"ಅಮ್ಮ ಲ್ಯಾಬ್ರಡಾರ್. ಅಪ್ಪ ಯಾರೋ ಗೊತ್ತಿಲ್ಲ ಕಣಣ್ಣ," ಎಂದಳು ಇವಳು.

"ಅಮ್ಮನಂಗಾದ್ರೆ ದೊಡ್ಡದೇ ಬೇಕು. ಅಪ್ಪ ಬೀದಿನಾಯಿಯಾಗಿದ್ದು ಅದ್ರಂಗಾದ್ರೆ ಚಿಕ್ಕದೇ ಸಾಕು. ಯಾವ್ದು ಕೊಡ್ಲಿ?"

ಮರಿ ಕೊಟ್ಟ ಪಂಚನಹಳ್ಳಿಯ ಭಾವನಿಗೆ ಫೋನ್ ಮಾಡಿ, ಅದರ ಅಪ್ಪ ಯಾರೆಂದು ಕೇಳಿದೆ.

"ನಂಗೇನ್ ಗೊತ್ತಪ್ಪಾ? ಬಸ್ ಸ್ಟ್ಯಾಂಡ್ ಹತ್ರ ಬೇಕಾದಷ್ಟು ನಾಯಿ ಅವೆ. ಬಂದು ನೀನೇ ವಿಚಾರಿಸ್ಕೊ."

ಕೊನೆಗೆ ಮಧ್ಯಮ ಅಳತೆಯದನ್ನು ತಂದೆವು. ಮರಿ ಒಳಗೆ ಸುಖವಾಗಿ ಮಲಗಿದೆ. ಬಾಣಂತಿ ನೋಡಲು ಬಂದ ನೆಂಟರ ಹಾಗೆ, ಇದು ಯಾರ ಹೋಲಿಕೆಯೋ ಎಂದು ನಾವಿಬ್ಬರೂ ಅದರ ಮುಖವನ್ನೇ ನೋಡುತ್ತಾ ಕೂತಿದ್ದೇವೆ.